ಕನ್ನಡಿಯಂಥ ನೀರು

"ಕುಡಿದು ನೋಡು! ಕನ್ನಡಿ ಥರ ಇದೆ ನೀರು," ಎಂದು ಭಾವ, ಕಟ್ಟೆಯೊಳಗೆ ಜಿನುಗಿದ ನೀರು ಹೊರಬರುವ ಪೈಪಿನಿಂದ ತುಂಬಿಸಿದ ಲೋಟವನ್ನು ಅವಳ ಮೂಗಿಗೇ ಹಿಡಿದ. ಹಳ್ಳದ ನೀರನ್ನು ತಡೆದು ನಿಲ್ಲಿಸಿದ ಆ ಮಣ್ಣಿನ ಕಟ್ಟೆ ಅವನದು. ಅದರ ಬುಡದಲ್ಲಿರುವ ಮನೆ, ಅವನ ತಮ್ಮನ ಹೆಂಡತಿಯಾದ ಅವಳದು.

"ಮೊನ್ನೆ ಇದೇ ಪೈಪಲ್ಲಿ ಕೆಂಪು ನೀರು ಬರ್ತಿತ್ತು. ಕಟ್ಟೆ ಒಳಗೊಳಗೇ ಕೊಚ್ಚಿಹೋಗ್ತಿದೆ, ಭಾವ."

"ಬಾಯಿ ಬಿಟ್ರೆ ಬರೀ ಅಪಶಕುನ! ನನ್ನ ಆಸ್ತಿ ಕಂಡ್ರೆ ನಿಮಗೆ ಹೊಟ್ಟೆಯುರಿ. ಈಗ ಎಲ್ಲಿದೆ ಕೆಂಪು? ತೋರಿಸು!"

ಅವಳು ಬಗ್ಗಿ ಪೈಪಿನೊಳಗೆ ಕೈ ಹಾಕಿದಳು. "ಏಯ್, ಮುಟ್ಬೇಡ!" ಎಂದು ಅವನು ಅರಚುವಷ್ಟರಲ್ಲಿ, ನೀರು ಸೋಸಲೆಂದು ಅವನೇ ಒಳಗೆ ತುರುಕಿದ್ದ ದಿಂಬಿನ ಕವರು ಮಣ್ಣು ತುಂಬಿಕೊಂಡು ಹೊರಬಂತು. ಅದರ ಬೆನ್ನಿಗೇ ಕೆಂಪು ನೀರು ನುಗ್ಗಿತು.

ಕವರಿನ ಮಣ್ಣನ್ನೆಲ್ಲ ಅವಳು ಅವನ ಕಾಲ ಮೇಲೆ ಸುರಿದಳು. "ತಗೊಳ್ಳಿ ಭಾವ, ನಿಮ್ಮ ಆಸ್ತಿ."