ಬಚ್ಚಲಮನೆ ಎದುರಿನ ಸ್ಟೂಲು

ಅತ್ತೆಯ ಚಪ್ಪಲಿ ಸದ್ದು ಮೆಟ್ಟಿಲಿಳಿದು ಮಾಯವಾದದ್ದೇ ತಡ, ಅವಳು ಪುಟ್ಟನನ್ನು ಎತ್ತಿ ಸೊಂಟಕ್ಕೇರಿಸಿದಳು. ದೊಡ್ಡವಳಿಗೆ ಬೇಗ ಶೂ ಹಾಕಿಕೋ ಎಂದು ಸನ್ನೆ ಮಾಡಿದಳು. ಚೀಲ ಬೆಳಿಗ್ಗೆಯಿಂದಲೇ ಹೊಲಿಗೆ ಮಷಿನ್ನಿನ ಕೆಳಗೆ ತುಂಡು ಬಟ್ಟೆಗಳ ಅಡಿಯಲ್ಲಿ ಸಿದ್ಧವಾಗಿತ್ತು. ತನ್ನ ಮಾತ್ರೆಗಳನ್ನೂ ಮರೆಯದೆ ಹಾಕಿಕೊಂಡಿದ್ದಳು. ಒಳಕೋಣೆಯಲ್ಲಿ ಗಂಡ ಮಲಗಿದ್ದ.

ಪುಟ್ಟ ಹುಟ್ಟಿದ ಮೇಲೆ ಅವಳ ಮನಸ್ಸಿನ ಆರೋಗ್ಯ ಕೆಟ್ಟು, ಆಸ್ಪತ್ರೆ ಸೇರಿ ಬಂದದ್ದು ನಿಜ. ಆದರೆ ಅದು ಹೋದ ವರ್ಷದ ಮಾತು. ಈಗ ತಪ್ಪದೆ ಮಾತ್ರೆ ನುಂಗುತ್ತಾಳೆ, ಚೆನ್ನಾಗಿ ನಿದ್ದೆ ಮಾಡುತ್ತಾಳೆ, ಬೀದಿಯ ಮಕ್ಕಳಿಗೆಲ್ಲ ಯೂನಿಫಾರ್ಮ್ ಹೊಲಿದುಕೊಡುತ್ತಾಳೆ. ಹಾಗಿದ್ದೂ ಈಚೆಗೆ ಅತ್ತೆ ಬಂದು ಬಿಡಾರ ಹೂಡಿದರು. ಬಸ್ಸು ಓಡಿಸುವ ಗಂಡ ರಜೆ ಹಾಕಿ ಮನೆಯಲ್ಲೇ ಕೂತ. ಅತ್ತೆ ಬಡಗಿಯನ್ನು ಕರೆಸಿ ಬಚ್ಚಲಮನೆಯ ಚಿಲಕ ಕೀಳಿಸಿದರು. ಕತ್ತರಿ ಅವರ ಪೆಟ್ಟಿಗೆ ಸೇರಿತು. ಬಟ್ಟೆ ಕತ್ತರಿಸಬೇಕೆಂದರೆ ಕೇಳಿ ಪಡೆಯಬೇಕು, ಕೆಲಸ ಮುಗಿದ ಕೂಡಲೇ ಒಪ್ಪಿಸಬೇಕು. ಹೊಲಿಯುವವಳ ಕೈಯಿಂದ ಕತ್ತರಿ ಕಿತ್ತುಕೊಂಡ ಮೇಲೆ ಇನ್ನೇನು ಮರ್ಯಾದೆ?

ಮನೆಯ ಯಾವ ಮೂಲೆಯಲ್ಲಿ ನಿಂತರೂ ಬೆನ್ನಿಗೆ ಯಾರದೋ ಕಣ್ಣು ಅಂಟಿಕೊಂಡ ಹಾಗೆ ಅವಳಿಗೆ. ಗಂಡ ಸ್ನಾನಕ್ಕೆ ಹೋದರೂ ಅತ್ತೆ ಬಚ್ಚಲಮನೆ ಎದುರು ಸ್ಟೂಲು ಹಾಕಿಕೊಂಡು ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಾರೆ. ಅಲ್ಲಿಂದ ಮುಂಬಾಗಿಲು ಚೆನ್ನಾಗಿ ಕಾಣುತ್ತದೆ, ಅದಕ್ಕೇ.

"ನಮ್ಮನೇಲಿ ಇಷ್ಟೊಂದು ಬೆಳ್ಳುಳ್ಳಿ ಯಾರಮ್ಮ ತಿಂತಾರೆ?" ಎಂದು ದೊಡ್ಡವಳು ಕೇಳಿದ್ದಳು.

ಡಾಕ್ಟರ ಹತ್ತಿರವೂ ಅಷ್ಟೇ. ಅವಳು ಹೋದಷ್ಟೇ ಬೇಗ ಹೊರಬರುತ್ತಾಳೆ. ಆಮೇಲೆ ಗಂಡ ಒಬ್ಬನೇ ಒಳಗೆ ಹೋಗಿ, ಬೆಂಚಿನಲ್ಲಿ ಕೂತವಳ ಕಾಲು ಜೋಮು ಹಿಡಿಯುವವರೆಗೂ ಬರುವುದಿಲ್ಲ. ಹೆಂಡತಿಯ ಮೇಲೆ ಅಷ್ಟೊಂದು ದೂರು.

ತಡೆಯಲಾರದೆ ಒಮ್ಮೆ ಕೇಳಿಯೂಬಿಟ್ಟಿದ್ದಳು, ನನಗೆ ಯಾಕಿಷ್ಟು ಕಾವಲು ಎಂದು. ಅತ್ತೆ ಬೆಳ್ಳುಳ್ಳಿಯಿಂದ ತಲೆ ಎತ್ತಲಿಲ್ಲ.

"ಕುಂಬಳಕಾಯಿ ಕಳ್ಳ ಅಂದ್ರೆ ನೀನ್ಯಾಕಮ್ಮ ಹೆಗಲು ಮುಟ್ಟಿ ನೋಡ್ಕೋತೀಯ?"

ಅದನ್ನೂ ನುಂಗಿಕೊಂಡಿದ್ದಳು. ಆದರೆ ನಿನ್ನೆ ಅತ್ತೆ ತಮ್ಮ ಮಗಳಿಗೆ ಫೋನಿನಲ್ಲಿ ಪಿಸುಗುಟ್ಟಿದ್ದು ಕಿವಿಗೆ ಬಿತ್ತು. ಮಕ್ಕಳನ್ನು ಸ್ವಲ್ಪ ದಿನ ನೀನೇ ಇಟ್ಟುಕೋ, ಅವು ಇಲ್ಲಿರುವುದು ಬೇಡ, ನಾಳೆಯೇ ಬಂದು ಕರೆದುಕೊಂಡು ಹೋಗು ಎಂದು. ಕತ್ತರಿ ಹೋದರೆ ಹೋಗಲಿ. ಮಕ್ಕಳೂ ಹೋದರೆ ತಾನು ಯಾತಕ್ಕಾಗಿ ವಾಸಿಯಾದದ್ದು?

ಅದಕ್ಕೇ ಅಕ್ಕನ ಮನೆಗೆ ಹೊರಟಿದ್ದಳು. ಮಗಳನ್ನು ಬಸ್ ಸ್ಟಾಪಿನಿಂದ ಕರೆತರುತ್ತೇನೆ, ಸ್ವಲ್ಪ ಮನೆ ಕಡೆ ನೋಡಿಕೋ ಎಂದು ಹೇಳಿ ಅತ್ತೆ ಕೆಳಗಿಳಿದಿದ್ದರು. ಬಂದಾಗಿನಿಂದ ಅವರು ಹೊಸ್ತಿಲು ದಾಟಿದ್ದು ಇದೇ ಮೊದಲು. ಹುಲಿಯೂ ಒಮ್ಮೆ ತೂಕಡಿಸುತ್ತದೆ ಎಂದುಕೊಂಡು ಅವಳು ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿದಳು.

ಮೆಟ್ಟಿಲ ತಿರುವಿನಲ್ಲೇ ಅತ್ತೆ ಎದುರಾದರು. ಕನ್ನಡಕ ಮರೆತು ವಾಪಸ್ಸು ಹತ್ತುತ್ತಿದ್ದರು.

ಅವಳು ಪುಟ್ಟನನ್ನು ಅವುಚಿಕೊಂಡಳು. "ದಾರಿ ಬಿಡಿ ಅತ್ತೆ. ನನ್ನ ಮಕ್ಕಳನ್ನ ನಾನು ಯಾರಿಗೂ ಕೊಡಲ್ಲ."

ಅತ್ತೆ ಚೀಲ ನೋಡಲಿಲ್ಲ, ಮಕ್ಕಳನ್ನೂ ನೋಡಲಿಲ್ಲ. ಅವಳ ಹಿಂದೆ ಮುಚ್ಚಿದ್ದ ಬಾಗಿಲನ್ನು ನೋಡಿದರು.

"ಒಳಗೆ ಅವನೊಬ್ಬನೇನಾ?"

ಉತ್ತರಕ್ಕೂ ಕಾಯಲಿಲ್ಲ. ಮಂಡಿನೋವೆಂದು ಮೆಟ್ಟಿಲಿಗೊಮ್ಮೆ ನಿಲ್ಲುವ ಹೆಂಗಸು ಅವಳನ್ನು ಪಕ್ಕಕ್ಕೆ ತಳ್ಳಿ ಮೇಲಕ್ಕೆ ಓಡಿದರು.

ಅವಳು ಏನೂ ಅರ್ಥವಾಗದೆ ಮಕ್ಕಳೊಂದಿಗೆ ಹಿಂಬಾಲಿಸಿದಳು. ಗಂಡ ಗೋಡೆಯ ಕಡೆ ಮುಖ ಮಾಡಿ ಮಲಗಿಯೇ ಇದ್ದ. ಅತ್ತೆ ಅವನ ಬೆನ್ನ ಮೇಲೆ ಅಂಗೈಯಿಟ್ಟು ಉಸಿರು ಏರಿಳಿಯುವುದನ್ನು ನೋಡಿ, ಮಂಚದ ಪಕ್ಕದಲ್ಲೇ ಕುಸಿದು ಕೂತರು. ಅವನಿಗೆ ಎಚ್ಚರವಾಗದಂತೆ ಪಿಸುದನಿಯಲ್ಲಿ ಹೇಳಿದರು:

"ಒಬ್ಬನ್ನೇ ಬಿಡಬೇಡಿ ಅಂತ ಡಾಕ್ಟ್ರು ಹೇಳಿರೋದು ಇವನನ್ನಮ್ಮ, ನಿನಗೆ ಗೊತ್ತಾದ್ರೆ ನೀನು ಮತ್ತೆ ಹುಷಾರು ತಪ್ತೀಯ ಅಂತ ಇವನೇ ನನ್ನ ಬಾಯಿ ಕಟ್ಟಿದ್ದ. ನೀನಿದ್ದೀಯಲ್ಲ ಅನ್ನೋ ಧೈರ್ಯದ ಮೇಲೆ ತಾನೆ ನಾನಿವತ್ತು ಕೆಳಗಿಳಿದದ್ದು."