ಜೂನಿಯಸ್ ಟಾಲಿವರನ ಮುಖ

ಜೂನಿಯಸ್ ಟಾಲಿವರ್ ಶಿಲ್ಪಿಯ ಕಾರ್ಯಾಗಾರಕ್ಕೆ ಬಂದಾಗ ಅವನ ಎರಡೂ ಕಾಲುಗಳು ನೆಲದ ಮೇಲೆ ಬಿದ್ದಿದ್ದವು. ಮಣ್ಣಿನ ಕಾಲುಗಳು. ಹಿಂದಿನ ಸಂಜೆಯವರೆಗೂ ಅವನ ಆಳೆತ್ತರದ ಪ್ರತಿಮೆ ಅವುಗಳ ಮೇಲೆಯೇ ನಿಂತಿತ್ತು. ಮೈಮೇಲೆ ಸೈನ್ಯದ ಕೋಟು, ಹೆಗಲಿಗೆ ಬಂದೂಕು, ಪಕ್ಕದಲ್ಲಿ ಗುಲಾಮರ ಬಿಡುಗಡೆ ಸಾರಿ ಗುಂಡಿಗೆ ಬಲಿಯಾಗಿದ್ದ, ದೇಶದ ಅಧ್ಯಕ್ಷರು. ಈಗ ಅಧ್ಯಕ್ಷರೊಬ್ಬರೇ ಉಳಿದಿದ್ದರು. ಪಕ್ಕದಲ್ಲಿ ಮಣ್ಣಿಗೆ ಆಧಾರವಾಗಿದ್ದ ಬರಿಯ ಕಬ್ಬಿಣದ ಸರಳುಗಳು.

"ಇದೇನು ಸ್ವಾಮಿ ಹೀಗೆ ಮಾಡಿಬಿಟ್ರಿ?"

"ಸಮಿತಿಯವರು ಬಂದಿದ್ರಪ್ಪ," ಎಂದ ಶಿಲ್ಪಿ ಬ್ರೂಸ್ಟರ್, ಕೈಗಂಟಿದ ಮಣ್ಣು ಒರೆಸಿಕೊಳ್ಳುತ್ತ. "ನೀನು ನಿಂತಿರೋದು ಅವರಿಗೆ ಸರಿಕಾಣಲಿಲ್ಲ. ಮಂಡಿ ಊರಿರಬೇಕಂತೆ. ಕೈಯಲ್ಲಿ ಹರಿದ ಸರಪಳಿ, ಕಣ್ಣು ಮೇಲಕ್ಕೆ."

ಆ ಸಮಿತಿಯ ಮುಖ್ಯಸ್ಥ ಪಾದ್ರಿ ಹೇವರ್ಡ್. ಅವನೂ ಅವನ ಸಂಗಡಿಗರೂ ಬಿಳಿಯರು, ಗುಲಾಮಗಿರಿಯ ವಿರುದ್ಧ ಜೀವಮಾನವಿಡೀ ಬರೆದವರು, ಬೋಧಿಸಿದವರು. ಒಳ್ಳೆಯವರು, ತೊಂದರೆ ಇದ್ದದ್ದೇ ಅಲ್ಲಿ. ಗುಲಾಮಗಿರಿಯನ್ನು ಕೊನೆಗಾಣಿಸಿದ ಯುದ್ಧಕ್ಕೆ ಎಷ್ಟೋ ಮೊದಲಿನಿಂದ ಅವರ ಮನೆಗಳ ತಟ್ಟೆ, ಸಕ್ಕರೆ ಬಟ್ಟಲು, ಹೆಂಗಸರ ಸೂಜಿದಿಂಬು, ಎಲ್ಲದರ ಮೇಲೂ ಒಂದೇ ಚಿತ್ರ: ಸಂಕೋಲೆ ತೊಟ್ಟು, ಮಂಡಿಯೂರಿ, ಕೈಮುಗಿದ ಕರಿಯ ಗುಲಾಮ. ಅದನ್ನು ನೋಡಿ ಕಣ್ಣೀರಿಡುತ್ತಲೇ ಅವರು ಬೆಳೆದಿದ್ದರು. ನೆಟ್ಟಗೆ ನಿಂತ ಕರಿಯನನ್ನು ನೋಡಿ ಏನು ಮಾಡಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ.

"ನಮ್ಮ ಕರಿಯರ ಚರ್ಚಿನ ಹೆಂಗಸರು ಕಂಡವರ ಬಟ್ಟೆ ಒಗೆದು ದುಡ್ಡು ಕೂಡಿಸಿದ್ದು ಇದಕ್ಕೆ," ಎಂದ ಜೂನಿಯಸ್. " ಅವರು ಕೇಳಿದ್ದು ಸಿಪಾಯಿನ."

"ದುಡ್ಡು ಅವರದೇ ಇರಬಹುದು, ಪ್ರತಿಮೆ ನಿಲ್ಲಿಸೋ ಚೌಕದ ಜಾಗ ಸಮಿತಿಯ ಕೈಯಲ್ಲಿದೆ. ನನ್ನ ಹತ್ರ ಜಗಳ ಆಡಿದ್ರೆ ಏನು ಬಂತು? ಬಾ, ಮಂಡಿ ಊರು."

"ಆಗಲ್ಲ ಸ್ವಾಮಿ. ಯುದ್ಧದಲ್ಲಿ ಹೊಕ್ಕ ಗುಂಡು ಇನ್ನೂ ಮೊಣಕಾಲಲ್ಲೇ ಇದೆ, ಬಗ್ಗಲ್ಲ." ಮೊಣಕಾಲು ತಟ್ಟಿ ತೋರಿಸಿ ಸೇರಿಸಿದ, "ಬಗ್ಗೋ ಹಾಗಿದ್ರೂ ಊರ್ತಿರಲಿಲ್ಲ ಬಿಡಿ."

ಬ್ರೂಸ್ಟರ್ ಗೊಣಗುತ್ತ ನಿಲುವುಗನ್ನಡಿ ಎಳೆದು ತಂದ. "ಹಾಳಾಗಿ ಹೋಗ್ಲಿ, ಮೈಗೆ ಮಾದರಿ ನಾನೇ ಆಗ್ತೀನಿ. ನೀನು ಅಧ್ಯಕ್ಷರ ಹಾಗೆ ನಿಂತ್ಕೊಂಡು ನನ್ನ ತಲೆ ಮೇಲೆ ಕೈ ಹಿಡಿ. ಅಳತೆ ಸಿಗಲಿ." ಅಂಗಿ ಕಳಚಿದವನೇ ಜೂನಿಯಸ್‌ನ ಬೂಟುಗಳ ಪಕ್ಕ ಮಂಡಿಯೂರಿ ಮುಖ ಮೇಲೆತ್ತಿದ. ಕನ್ನಡಿಯಲ್ಲಿ ಕರಿಯನೊಬ್ಬ ಸೆಟೆದು ನಿಂತಿದ್ದ, ಕಾಲಬುಡದಲ್ಲಿ ಬೆತ್ತಲೆ ಬೆನ್ನಿನ ಬಿಳಿಯ. ಇಬ್ಬರೂ ನಗಲಿಲ್ಲ. ಜೂನಿಯಸ್‌ಗೆ ಒಂದು ಕ್ಷಣ ಹೊಟ್ಟೆ ತಣ್ಣಗಾಯಿತು, ಮರುಕ್ಷಣ ಹೇಸಿಗೆಯೆನಿಸಿತು. ಅವನಿಗೆ ಯಾರ ತಲೆಯ ಮೇಲೂ ಕೈಯಿಡುವ ಆಸೆಯಿರಲಿಲ್ಲ.

"ಅಯ್ಯಪ್ಪಾ, ಇಷ್ಟಕ್ಕೇ ಮಂಡಿ ಬಿದ್ದುಹೋಯ್ತು!" ಬ್ರೂಸ್ಟರ್ ಏದುಸಿರು ಬಿಡುತ್ತ ಎದ್ದು ಗೆರೆ ಎಳೆಯತೊಡಗಿದ. "ಮೈ ಚಿಂತೆ ಹರೀತು. ಮುಖಕ್ಕೆ ಹೇಗೂ ನಿನ್ನ ಅಚ್ಚಿದೆ." ಅದು ಗೋಡೆಯ ಹಲಗೆಯ ಮೇಲಿತ್ತು. ಹಿಂದಿನ ವಾರ ಜೂನಿಯಸ್‌ನನ್ನು ಮಲಗಿಸಿ, ಮೂಗಿಗೆ ಹುಲ್ಲುಕೊಳವೆ ಸಿಕ್ಕಿಸಿ, ಮುಖದ ಮೇಲೆ ಗಾರೆ ಸುರಿದು ತೆಗೆದದ್ದು. ಹುಬ್ಬಿನ ಮೇಲಿನ ಗಾಯದ ಗೆರೆಯೂ ಅದರಲ್ಲಿ ಮೂಡಿತ್ತು.

"ನನ್ನ ಮುಖ ಹಾಕಬೇಡಿ ಸ್ವಾಮಿ, ನಿಮ್ಮ ದಮ್ಮಯ್ಯ."

"ಹುಚ್ಚಪ್ಪಾ, ನೀನು ಮಣ್ಣಾದ ಮೇಲೂ ಇರುತ್ತೆ ಕಣೋ ಅದು!"

"ಅದಕ್ಕೇ ಬೇಡ ಅಂತಿರೋದು. ನಾಳೆ ನನ್ನ ಮೊಮ್ಮಕ್ಕಳು ಅದರ ಕೆಳಗೆ ನಿಂತು, ನಮ್ಮಜ್ಜ ಮಂಡಿಯೂರಿ ಬೇಡ್ಕೊಂಡ, ಅವರು ಬಿಡುಗಡೆ ಕೊಟ್ರು ಅಂದ್ಕೋತಾರೆ. ನಾನು ಬೇಡಿಲ್ಲ."

ಬ್ರೂಸ್ಟರ್ ಕಾಗದದಿಂದ ತಲೆಯೆತ್ತಲಿಲ್ಲ. ಜೂನಿಯಸ್ ಕಾಲೆಳೆಯುತ್ತ ಹೋಗಿ, ಹಲಗೆಯ ಮೇಲಿನ ತನ್ನ ಮುಖವನ್ನು ಎರಡೂ ಕೈಯಲ್ಲಿ ಎತ್ತಿಕೊಂಡು, ಕಲ್ಲುನೆಲಕ್ಕೆ ಅಪ್ಪಳಿಸಿದ. ಮೂಗು ಒಂದು ಕಡೆ, ಗದ್ದ ಒಂದು ಕಡೆ ಸಿಡಿಯಿತು. ಬ್ರೂಸ್ಟರ್ ಕೂಗಾಡಲಿಲ್ಲ. "ಹೊರಡು, ಇನ್ನು ಬರಬೇಡ," ಎಂದಷ್ಟೇ ಹೇಳಿ ಸರಳುಗಳಿಗೆ ಹಸಿಮಣ್ಣು ಮೆತ್ತತೊಡಗಿದ.

ಮನೆಯಲ್ಲಿ ಹೆಂಡತಿ ಡಾರ್ಕಸ್ ವಿಷಯ ಕೇಳಿ ಮೊದಲು ಹೆದರಿದಳು, ಆಮೇಲೆ ನಕ್ಕಳು, ಜೋಳದ ರೊಟ್ಟಿಗೆ ಬೆಲ್ಲದ ಪಾಕದಂಥ ಕಾಕಂಬಿಯನ್ನು ಇನ್ನೊಂದಿಷ್ಟು ಸುರಿದು ಗಂಡನ ಮುಂದಿಟ್ಟಳು. ಅವನು ಆ ರಾತ್ರಿ ಮೈಮರೆತು ನಿದ್ದೆ ಮಾಡಿದ. ಕಡೆಗೆ ತನ್ನ ಮುಖವಾದರೂ ತನ್ನ ಪಾಲಿಗೆ ಉಳಿಯಿತೆಂಬ ಸಮಾಧಾನ ಅವನಿಗೆ.

ವಸಂತದಲ್ಲಿ ಪ್ರತಿಮೆಯ ಅನಾವರಣ. ಬ್ಯಾಂಡು ಬಾರಿಸಿ ಪರದೆ ಎಳೆದರು. ಅಧ್ಯಕ್ಷರ ಚಾಚಿದ ಕೈಯ ಕೆಳಗೆ ಕಂಚಿನ ಮನುಷ್ಯ ಮಂಡಿಯೂರಿದ್ದ. ದಪ್ಪ ತುಟಿ, ಮೇಲಕ್ಕೆ ನೆಟ್ಟ ಕಣ್ಣು. ಬ್ರೂಸ್ಟರ್ ಆ ಮುಖವನ್ನು ಯಾರನ್ನೂ ನೋಡದೆ, ಒಂದೇ ಮಧ್ಯಾಹ್ನದಲ್ಲಿ ಮಾಡಿ ಮುಗಿಸಿದ್ದ. ಚರ್ಚಿನ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹುಬ್ಬಿನ ಮೇಲೆ ಗಾಯದ ಗೆರೆ ಇಲ್ಲದ್ದನ್ನು ಡಾರ್ಕಸ್ ಖಚಿತ ಮಾಡಿಕೊಂಡಳು. "ನೀನಲ್ಲ," ಎಂದು ಗಂಡನ ತೋಳು ಹಿಡಿದು ಪಿಸುಗುಟ್ಟಿದಳು. "ನಮ್ಮವರು ಯಾರೂ ಅಲ್ಲ."

ಅಷ್ಟರಲ್ಲಿ ಜನರನ್ನು ಸರಿಸಿಕೊಂಡು ಪಾದ್ರಿ ಹೇವರ್ಡ್ ಬಂದ. ಅವನ ಕೆನ್ನೆ ನಿಜಕ್ಕೂ ಒದ್ದೆಯಾಗಿತ್ತು. ಜೂನಿಯಸ್‌ನ ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಅವನನ್ನೊಮ್ಮೆ ಕಂಚನ್ನೊಮ್ಮೆ ಕಣ್ತುಂಬ ನೋಡಿದ.

"ಏನು ಹೋಲಿಕೆ ಕಣಯ್ಯಾ ಟಾಲಿವರ್! ಥೇಟ್ ನೀನೇ!"