ಅವರೆಕಾಳಿನ ಡಬ್ಬಿ

ಫ್ರೀಜರಿನ ಐಸ್‌ಕ್ರೀಮ್ ಡಬ್ಬಿಯಲ್ಲಿ ಅವರೆಕಾಳಲ್ಲದೆ ಬೇರೇನೂ ಇರುವುದಿಲ್ಲ ಎಂದು ಮನೆಮಂದಿಗೆಲ್ಲ ಗಟ್ಟಿ ನಂಬಿಕೆ. ಆ ನಂಬಿಕೆಯನ್ನೇ ನಂಬಿ, ಸಕ್ಕರೆ ಕಾಯಿಲೆಯ ನಂಜುಂಡಯ್ಯನವರು ಅದರಲ್ಲಿ ನಿಜವಾದ ಐಸ್‌ಕ್ರೀಮನ್ನೇ ಬಚ್ಚಿಟ್ಟು ತಿನ್ನುತ್ತಿದ್ದರು. ಒಂದು ದಿನ ಹೆಂಡತಿ ವಿಮಲಾ, ಪ್ಲಾಸ್ಟಿಕ್ಕನ್ನೆಲ್ಲ ಎತ್ತಿ ಹಾಕಿ ಗಾಜಿನ ಡಬ್ಬಿಗಳನ್ನು ಜೋಡಿಸಲು ಹೊರಟರು.

“ಅವರೆಕಾಳಿನ ಡಬ್ಬಿ ಮಾತ್ರ ಮುಟ್ಟಬೇಡ ಕಣೇ. ಗಾಜಲ್ಲಿಟ್ರೆ ಕಾಳಿಗೆ ಶೀತ ಆಗುತ್ತೆ,” ಎಂದರು ನಂಜುಂಡಯ್ಯ, ತಮ್ಮ ಡಾಕ್ಟರ ಗಂಭೀರ ದನಿಯನ್ನು ಎರವಲು ಪಡೆದು.

“ಫ್ರೀಜರಲ್ಲಿರೋ ಕಾಳಿಗಾ?”

“ಹೇಳಿದ್ದು ಕೇಳು. ಅದೊಂದು ಪ್ಲಾಸ್ಟಿಕ್ಕಲ್ಲೇ ಇರಲಿ.”

“ಆಯ್ತು ರೀ, ನಿಮ್ಮಿಷ್ಟದಂತೇ ಆಗಲಿ.”

ಮಧ್ಯಾಹ್ನ ವಿಮಲಾ ಮಲಗಿದ ಮೇಲೆ, ನಂಜುಂಡಯ್ಯನವರು ಚಮಚ ಹಿಡಿದು ಬಂದು, ಸದ್ದಾಗದಂತೆ ಮುಚ್ಚಳ ತೆಗೆದರು.

ಡಬ್ಬಿಯ ತುಂಬ ಅವರೆಕಾಳೇ ಇತ್ತು.